ಬ್ರಾಕೆಟ್ ಹಾಕುವ ಕ್ಯಾಲ್ಕುಲೇಟರ್: ಮೂರು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಕ್ಯಾಲ್ಕುಲೇಟರ್ ನನ್ನದಲ್ಲ, ಮಗಳದ್ದು. ಈ ವರ್ಷ ಇಂಜಿನಿಯರಿಂಗ್ ಸೇರಿದಳು. ಸೈಂಟಿಫಿಕ್ ಕ್ಯಾಲ್ಕುಲೇಟರ್ ಬೇಕೇ ಬೇಕು ಅಂದಳು. ಕೊಡಿಸಿದೆ. ಹಗಲು ಅವಳ ಬ್ಯಾಗಿನಲ್ಲಿರುತ್ತದೆ, ರಾತ್ರಿ ಊಟ ಆದ ಮೇಲೆ ನನ್ನ ಕೈಗೆ ಬರುತ್ತದೆ. ನಾನು ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವವನು. ದಿನಪೂರ್ತಿ ಕೂಡಿಸೋದು, ಕಳೆಯೋದು, ಶೇಕಡಾ ಹಾಕೋದು. ಸೈನ್, ಕಾಸ್, ಇಂಟಿಗ್ರೇಷನ್ ಎಲ್ಲ ಹೇಗಿದೆ ಅಂತ ನನ್ನ ಕೇಳಬೇಡಿ, ಅದು ಮಗಳಿಗೆ ಗೊತ್ತು, ಅವಳು "ಪರವಾಗಿಲ್ಲ" ಅಂತಾಳೆ. ನಾನು ಈ ಮೂರು ತಿಂಗಳಲ್ಲಿ ಒತ್ತಿ ಒತ್ತಿ ಸವೆಸಿದ್ದು ಒಂದೇ ಕೀಲಿ. ಶಿಫ್ಟ್ ಒತ್ತಿ ಫ್ಯಾಕ್ಟ್ ಅಂತ ಬರೆದಿರೋದನ್ನು ಒತ್ತಿದರೆ ಪರದೆ ಮೇಲಿನ ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆದು ತೋರಿಸುತ್ತದೆ. ಶಾಲೆಯಲ್ಲಿ ನಾವು ಏಣಿ ಹಾಕಿ ಭಾಗಿಸುತ್ತಿದ್ದೆವಲ್ಲ, 2, 2, 3, 7 ಅಂತ, ಅದೇ. ಈ ವಿಮರ್ಶೆ ಪೂರ್ತಿ ಆ ಒಂದು ಕೀಲಿಯ ಬಗ್ಗೆಯೇ. ಬೇರೆಯವರಿಗೆ ಎಷ್ಟು ಉಪಯೋಗವೋ ಗೊತ್ತಿಲ್ಲ.

ಕಂಪನಿ ಹೆಸರು, ಅಂಗಡಿ ಹೆಸರು ಎರಡೂ ಬರೆಯೋದಿಲ್ಲ. ಮುಂದೆ ದೂರು ಇದೆ, ಸುಮ್ನೆ ಜಗಳ ಯಾಕೆ. ಅಂಗಡಿ ಅಶೋಕ ರಸ್ತೆ ಕಡೆಯದ್ದು ಅಂದುಕೊಳ್ಳಿ, ಸಾಕು. ಬಾಕ್ಸ್ ಮೇಲೆ ಬೆಲೆ 1,295 ಇತ್ತು, ಚೌಕಾಸಿ ಮಾಡಿದ ಮೇಲೆ 1,180ಕ್ಕೆ ಕೊಟ್ಟ. ಮನೆಗೆ ಬಂದು ಮೊದಲು ಒಡೆದಿದ್ದೇ ಈ ಎರಡು ಸಂಖ್ಯೆಗಳನ್ನು. 1295 ಅಂದರೆ 5×7×37. ಅದು 6ರ ನಾಲ್ಕನೇ ಘಾತಕ್ಕಿಂತ ಒಂದು ಕಡಿಮೆ, 6×6×6×6 ಅಂದರೆ 1296. 1180ರಲ್ಲಿ ಅಂಥ ಸೊಗಸು ಏನೂ ಇಲ್ಲ, 2×2×5×59. ಚೌಕಾಸಿ ಮಾಡಿ ಒಳ್ಳೇ ಸಂಖ್ಯೆ ಕಳ್ಕೊಂಡೆ ಅಂದೆ. ಹೆಂಡತಿ ಒಂಥರಾ ನೋಡಿದಳು.

ಆಮೇಲೆ ಪಿನ್ ಕೋಡ್. ದಾವಣಗೆರೆಯ 577001 ಹಾಕಿದೆ. 23×25087 ಅಂತ ಬಂತು. 577002 ಹಾಕಿದರೆ 2×3×96167. ಇಷ್ಟು ವರ್ಷ ಈ ಊರಿನಲ್ಲಿದ್ದು, ಸಾವಿರಾರು ಕವರ್ ಮೇಲೆ 577001 ಬರೆದು, ಅದರ ಒಳಗೆ ಒಂದು 23 ಕೂತಿದೆ ಅಂತ ನನಗೆ ಗೊತ್ತೇ ಇರಲಿಲ್ಲ! ಇದರಿಂದ ಏನು ಲಾಭ ಅಂತ ಕೇಳಿದರೆ ಉತ್ತರ ಇಲ್ಲ.

ಕೀಲಿ ಎಷ್ಟು ಗಟ್ಟಿ ಅಂತ ನೋಡೋಕೆ ಮುಂದಿನ ಪರೀಕ್ಷೆ ಒಂದುಗಳದ್ದು. ಬರೀ 1 ಒತ್ತುತ್ತಾ ಹೋಗೋದು. ಐದು ಒಂದು, 11111, ಒಡೆದರೆ 41×271. ಆರು ಒಂದು ಒಡೆದರೆ ಚಿಲ್ಲರೆ ಚೆಲ್ಲಿದ ಹಾಗೆ 3×7×11×13×37. ಏಳು ಒಂದು 239×4649. ಎಂಟು ಒಂದು 11×73×101×137. ಒಂಬತ್ತು ಒಂದು ಹಾಕಿದರೆ 3ರ ವರ್ಗ, 37, ಮತ್ತೆ 333667. ಹತ್ತು ಒಂದು ಹಾಕಿದರೆ 11×41×271×9091. ಒಂದೇ ಅಂಕಿಯನ್ನು ಸಾಲಾಗಿ ನಿಲ್ಲಿಸಿದರೆ ಸಾಕು, ಪ್ರತಿಯೊಂದೂ ಬೇರೆ ಥರ ಒಡೆಯುತ್ತದೆ. ಹನ್ನೊಂದು ಒಂದು ಹಾಕಿದರೆ ಮ್ಯಾಥ್ ಎರರ್, ಈ ಯಂತ್ರಕ್ಕೆ ಹತ್ತು ಅಂಕಿಯೇ ಗಡಿ. ಅದನ್ನು ಕಾಗದದ ಮೇಲೆ ಮಾಡಬೇಕು, ಉತ್ತರ 21649×513239.

ಎಂಟು ಒಂದಿನ ಬಗ್ಗೆ ಒಂದು ಮಾತು ಬಿಡಲಾರೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಅಂತ ಒಬ್ಬ ಗಣಿತಜ್ಞ ಇದ್ದ. 'ಗಣಿತಸಾರಸಂಗ್ರಹ' ಅವನದ್ದು. ಅದರಲ್ಲಿ 152207 ಅನ್ನು 73ರಿಂದ ಗುಣಿಸು ಅಂತ ಒಂದು ಲೆಕ್ಕ ಬರುತ್ತದೆ. ಗುಣಿಸಿ ನೋಡಿ, 11111111. ಇನ್ನೊಂದು ಲೆಕ್ಕ 27994681 ಗುಣಿಸು 441. ಉತ್ತರ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಉತ್ತರಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. ಆ 27994681 ಅನ್ನು ಎಲ್ಲಿಂದ ತಂದ ಅಂತ ನನಗೆ ಕುತೂಹಲ. ಫ್ಯಾಕ್ಟ್ ಒತ್ತಿದೆ. 11ರ ವರ್ಗ, 13ರ ವರ್ಗ, 37ರ ವರ್ಗ! ಗುಟ್ಟು ಬಯಲು. 441 ಅಂದರೆ 3ರ ವರ್ಗ ಗುಣಿಸು 7ರ ವರ್ಗ. ಎರಡೂ ಸೇರಿಸಿದರೆ 3, 7, 11, 13, 37, ಅಂದರೆ ಮೇಲೆ ಹೇಳಿದ ಆರು ಒಂದು, ಅದರ ವರ್ಗ. ಹಾರವನ್ನು ಎರಡು ತುಂಡು ಮಾಡಿ ನಮ್ಮ ಕೈಗೆ ಕೊಟ್ಟು, ಈಗ ಪೋಣಿಸು ಅಂದಿದ್ದಾನೆ. ಸಾವಿರದ ಇನ್ನೂರು ವರ್ಷದ ಹಿಂದೆ, ಬ್ಯಾಟರಿ ಇಲ್ಲದೆ. ಈ ಒಂದು ಸಂಜೆಗೇ ನನ್ನ 1,180 ವಸೂಲಾಯಿತು.

ಈಗ ಬ್ರಾಕೆಟ್ ವಿಷಯ. ಇದೇ ಈ ಕ್ಯಾಲ್ಕುಲೇಟರಿನ ವಿಚಿತ್ರ. ಕೆಲವು ಸಂಖ್ಯೆ ಹಾಕಿದರೆ ಉತ್ತರದ ಕೊನೆಯ ತುಂಡನ್ನು ಬ್ರಾಕೆಟ್ ಒಳಗೆ ಕೂರಿಸಿ ತೋರಿಸುತ್ತದೆ. ಉದಾಹರಣೆಗೆ 1022117 ಹಾಕಿ. (1022117) ಅಂತಲೇ ವಾಪಸ್ ಕೊಡುತ್ತದೆ. ನೀನು ಕೊಟ್ಟಿದ್ದು ತಗೋ, ನನ್ನ ಕೈಲಿ ಆಗಲಿಲ್ಲ ಅನ್ನೋ ಥರ. ಆದರೆ 333667 ಬ್ರಾಕೆಟ್ ಇಲ್ಲದೆ ಬಂದಿತ್ತು, ಅದೂ ಆರು ಅಂಕಿಯದ್ದು. ಇವೆರಡರ ನಡುವೆ ಏನು ವ್ಯತ್ಯಾಸ?

ಜೊತೆಗೆ ಬಂದ ಕೈಪಿಡಿಯ ಅಕ್ಷರ ಇರುವೆ ಸಾಲಿನ ಹಾಗಿದೆ. ಕನ್ನಡ ಇಲ್ಲವೇ ಇಲ್ಲ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದೆ. ಮೂರು ಅಂಕಿಯವರೆಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡುತ್ತದಂತೆ. ಉಳಿದ ತುಂಡು 1018081 ಅಥವಾ ಅದಕ್ಕಿಂತ ದೊಡ್ಡದಾದರೆ ಬ್ರಾಕೆಟ್ ಹಾಕುತ್ತದಂತೆ. ಅಷ್ಟೇ, ಕಾರಣ ಇಲ್ಲ. ಹತ್ತು ಲಕ್ಷ ಅಂದಿದ್ದರೆ ಒಪ್ಪಬಹುದಿತ್ತು, ಲೆಕ್ಕಕ್ಕೆ ಸುಲಭ ಅಂತ. ಹತ್ತು ಲಕ್ಷದ ಹದಿನೆಂಟು ಸಾವಿರದ ಎಂಬತ್ತೊಂದು ಯಾಕೆ? ಎರಡು ದಿನ ತಲೆ ಕೆಡಿಸಿಕೊಂಡೆ. ಅದನ್ನೇ ಒಡೆಯೋಕೆ ಹೋದರೆ (1018081) ಅಂತ ಮುಖಕ್ಕೆ ಹೊಡೆದ ಹಾಗೆ ವಾಪಸ್ ಬಂತು. ಒಂದು ಕಡಿಮೆ ಮಾಡಿ 1018080 ಹಾಕಿದೆ. ಚೂರು ಚೂರಾಯಿತು: 2ರ ಐದನೇ ಘಾತ, 3ರ ವರ್ಗ, 5, 7, 101. ಅದರಿಂದಲೂ ನನಗೆ ಏನೂ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆಗೆ ಹೋಗಿದ್ದೆವು. ನಮ್ಮೂರಿನ ಬೆಣ್ಣೆ ದೋಸೆ ಹೋಟೆಲ್ಲಿನಲ್ಲಿ ಭಾನುವಾರ ಅಂದರೆ ಗೊತ್ತಲ್ಲ, ಜಾಗ ಸಿಕ್ಕ ಮೇಲೂ ಕಾಯಬೇಕು. ಕಾವಲಿ ಮೇಲೆ ನಿಧಾನವಾಗಿ ಬೇಯಬೇಕು, ಬೆಣ್ಣೆ ಇಳಿಯಬೇಕು, ಅವಸರ ಮಾಡಿದರೆ ಗರಿ ಬರೋದಿಲ್ಲ. ಮಗಳ ಬ್ಯಾಗಿನಲ್ಲಿ ಕ್ಯಾಲ್ಕುಲೇಟರ್ ಇತ್ತು. ಅವಳಿಗೆ ಈ 1018081 ಪುರಾಣ ಹೇಳಿದೆ. ಅವಳು ಇಸ್ಕೊಂಡು ವರ್ಗಮೂಲದ ಕೀಲಿ ಒತ್ತಿದಳು ಅಷ್ಟೇ. 1009. "ಅಪ್ಪಾ, ಇದು 1009ರ ವರ್ಗ ಕಣಪ್ಪಾ."

ನನಗೆ ಆಗ ಹೊಳೆಯಿತು. ಮೂರು ಅಂಕಿಯ ಕೊನೆಯ ಅವಿಭಾಜ್ಯ 997. ಅದರ ಮುಂದಿನದು 1009. ಯಂತ್ರ 997ರವರೆಗೆ ಇರುವ 168 ಅವಿಭಾಜ್ಯಗಳಿಂದ ಭಾಗಿಸಿ ಮುಗಿಸಿದೆ. ಆಮೇಲೂ ಏನೋ ಉಳಿದಿದೆ. ಆ ಉಳಿದದ್ದು ಇನ್ನೂ ಒಡೆಯುವಂಥದ್ದೇ ಆಗಿದ್ದರೆ ಅದರ ಪ್ರತಿ ತುಂಡೂ ಕನಿಷ್ಠ 1009 ಇರಬೇಕು. ಅಂಥ ಎರಡು ತುಂಡು ಗುಣಿಸಿದರೆ ಕನಿಷ್ಠ 1009×1009, ಅಂದರೆ 1018081. ಉಳಿದದ್ದು ಅದಕ್ಕಿಂತ ಚಿಕ್ಕದಾಗಿದ್ದರೆ ಅದು ಒಡೆಯೋಕೆ ಸಾಧ್ಯವೇ ಇಲ್ಲ, ಅವಿಭಾಜ್ಯವೇ. ಬೇರೆ ಪರೀಕ್ಷೆ ಬೇಡ! 333667ರ ಮೇಲೆ ಬ್ರಾಕೆಟ್ ಇಲ್ಲದ್ದು ಅದಕ್ಕೇ. 1022117 ಅಂದರೆ 1009×1013, ಯಂತ್ರದ ಕೈಗೆ ಸಿಗದ ಎರಡು ತುಂಡು, ಅದಕ್ಕೇ ಬ್ರಾಕೆಟ್. ನಮ್ಮ ದೇಶದ ಪಿನ್ ಕೋಡ್ ಎಲ್ಲ ಆರು ಅಂಕಿ, ಅಂದರೆ ಯಾವ ಊರಿನದ್ದು ಹಾಕಿದರೂ ಬ್ರಾಕೆಟ್ ಬರೋದಿಲ್ಲ, ಪೂರ್ತಿ ಒಡೆಯುತ್ತದೆ. ಇದನ್ನೆಲ್ಲ ನಾನು ಜೋರಾಗಿ ಹೇಳುತ್ತಿದ್ದಾಗ ದೋಸೆ ಬಂದು ತಣ್ಣಗಾಗುತ್ತಿತ್ತು, ಎದುರು ಕೂತವರು ತಮ್ಮ ಚಟ್ನಿ ಬಟ್ಟಲು ಸ್ವಲ್ಪ ಆಚೆ ಸರಿಸಿಕೊಂಡರು.

ಕೈಪಿಡಿ ಬರೆದವರು ಈ ಎರಡು ವಾಕ್ಯ ಸೇರಿಸಿದ್ದರೆ ಏನು ಹೋಗುತ್ತಿತ್ತು? ಇದು ನನ್ನ ಮೊದಲ ದೂರು.

ಎರಡನೇ ದೂರು ಇದಕ್ಕಿಂತ ದೊಡ್ಡದು. ಬ್ರಾಕೆಟ್ ಒಳಗೆ ಇರೋದು ಅವಿಭಾಜ್ಯವೋ ಅಲ್ಲವೋ ಯಂತ್ರ ಹೇಳೋದಿಲ್ಲ. 2147483647 ಹಾಕಿ ನೋಡಿ. 2ರ 31ನೇ ಘಾತದಲ್ಲಿ ಒಂದು ಕಳೆದರೆ ಬರುವ ಸಂಖ್ಯೆ. ಅದು ಅವಿಭಾಜ್ಯ ಅಂತ ಆಯ್ಲರ್ ಅನ್ನುವ ಗಣಿತಜ್ಞ 1772ರಲ್ಲೇ ತೋರಿಸಿದ್ದಾನೆ, ಆ ಹೊತ್ತಿಗೆ ಅವನಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಈ ಯಂತ್ರ ಅದಕ್ಕೂ ಬ್ರಾಕೆಟ್ ಹಾಕುತ್ತದೆ, 1009×1013ಕ್ಕೂ ಅದೇ ಬ್ರಾಕೆಟ್ ಹಾಕುತ್ತದೆ. ಬೀಗ ಹಾಕಿದ ಮನೆ, ಒಳಗೆ ಒಬ್ಬರಿದ್ದಾರೋ ನಾಲ್ಕು ಜನ ಇದ್ದಾರೋ ಗೊತ್ತಾಗೋದಿಲ್ಲ. ಆದರೂ ಒಂದು ಮೆಚ್ಚಬೇಕು. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಇದು ಯಾವತ್ತೂ ಹೇಳಿಲ್ಲ. ನಾನು ಇಪ್ಪತ್ತು ವರ್ಷ ವ್ಯಾಪಾರಸ್ಥರ ನಡುವೆ ಕೆಲಸ ಮಾಡಿದವನು, ಈ ಗುಣಕ್ಕೆ ಎಷ್ಟು ಬೆಲೆ ಅಂತ ನನಗೆ ಗೊತ್ತು.

ಈಗ ನಿಜವಾದ ಕಥೆಗೆ ಬರುತ್ತೇನೆ. ನಮ್ಮ ಗಾಡಿಗಳ ಮೇಲೆ ಕೆಎ 17 ಇರುತ್ತದಲ್ಲ. ಚಿತ್ರದುರ್ಗದವರದ್ದು ಕೆಎ 16. ಅವರದ್ದು 2ರ ನಾಲ್ಕನೇ ಘಾತ, ನಮ್ಮದು ಅದಕ್ಕೆ ಒಂದು ಸೇರಿಸಿದ್ದು. 1997ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯೊಳಗೇ ಇದ್ದೆವು, ಅದು ಬೇರೆ ಮಾತು. 17 ಸುಮ್ನೆ ಸಂಖ್ಯೆ ಅಲ್ಲ. 2ಕ್ಕೆ ಒಂದು ಸೇರಿಸಿದರೆ 3. 2ರ ವರ್ಗಕ್ಕೆ ಒಂದು ಸೇರಿಸಿದರೆ 5. ಅದರ ಎರಡರಷ್ಟು ಘಾತ ತಗೊಂಡು ಒಂದು ಸೇರಿಸಿದರೆ 17. ಹಾಗೇ ಘಾತವನ್ನು 8, 16 ಅಂತ ದುಪ್ಪಟ್ಟು ಮಾಡುತ್ತಾ ಹೋದರೆ 257, 65537. ಐದೂ ಅವಿಭಾಜ್ಯ. ಹದಿನೇಳನೇ ಶತಮಾನದ ಫ್ರಾನ್ಸಿನಲ್ಲಿ ಫರ್ಮಾ ಅಂತ ಒಬ್ಬ ವಕೀಲ ಇದನ್ನು ನೋಡಿ, ಈ ಸಾಲಿನಲ್ಲಿ ಬರೋದೆಲ್ಲ ಅವಿಭಾಜ್ಯವೇ ಇರಬೇಕು ಅಂದ. ಮುಂದಿನದು 2ರ 32ನೇ ಘಾತಕ್ಕೆ ಒಂದು ಸೇರಿಸಿದ್ದು, 4294967297. ಸರಿಯಾಗಿ ಹತ್ತು ಅಂಕಿ. ನಮ್ಮ ಕ್ಯಾಲ್ಕುಲೇಟರಿನ ಬಾಯಿಗೆ ಅಳತೆ ಮಾಡಿ ಮಾಡಿಸಿದ ಹಾಗಿದೆ. 1732ರಲ್ಲಿ ಆಯ್ಲರ್ ಇದನ್ನು ಒಡೆದ, 641×6700417 ಅಂತ. ಈ ಕಥೆ ನನಗೆ ಗೊತ್ತಿತ್ತು. ಯಂತ್ರ ಏನು ಹೇಳುತ್ತದೋ ನೋಡೋಣ ಅಂತ ಒತ್ತಿದೆ.

19 ಗುಣಿಸು ಏನೋ ಅಂತ ಬಂತು.

19ಕ್ಕೆ ಅಲ್ಲಿ ಏನು ಕೆಲಸ? 641 ಬರಬೇಕಿತ್ತು. ಆಯ್ಲರ್ ತಪ್ಪಿದನೋ, ಯಂತ್ರ ತಪ್ಪಿತೋ? ಇಲ್ಲಿ ಗಣಿತವೇ ನನ್ನ ಕೈ ಹಿಡಿಯಿತು. ಈ ಸಂಖ್ಯೆಗೆ ಒಂದು ಗುಣ ಇದೆ. ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದು 64ರ ಮಗ್ಗಿಯಲ್ಲಿ ಬರುವ ಸಂಖ್ಯೆಗೆ ಒಂದು ಸೇರಿಸಿದ್ದೇ ಆಗಿರಬೇಕು. ಯಾಕೆ ಅಂದರೆ, ಅಂಥ ಒಂದು ಅವಿಭಾಜ್ಯ ತಗೊಳ್ಳಿ. 1, 2, 4, 8 ಅಂತ ದುಪ್ಪಟ್ಟು ಮಾಡುತ್ತಾ ಹೋಗಿ, ಪ್ರತಿ ಸಲ ಆ ಅವಿಭಾಜ್ಯದಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. 32 ಹೆಜ್ಜೆ ಹೋದರೆ ಮೈನಸ್ ಒಂದಕ್ಕೆ, ಅಂದರೆ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಶೇಷಕ್ಕೆ, ಬರುತ್ತೀರಿ, ಯಾಕೆಂದರೆ 2ರ 32ನೇ ಘಾತಕ್ಕೆ ಒಂದು ಸೇರಿಸಿದರೆ ಅದು ನಿಶ್ಶೇಷವಾಗಿ ಭಾಗವಾಗುತ್ತದಲ್ಲ. ಇನ್ನೂ 32 ಹೆಜ್ಜೆ ಹೋದರೆ ವಾಪಸ್ ಒಂದಕ್ಕೆ. ಅಂದರೆ ಸುತ್ತು 64 ಹೆಜ್ಜೆಯದ್ದು, ಅದಕ್ಕಿಂತ ಮುಂಚೆ ಮುಗಿಯೋದಿಲ್ಲ. ಆದರೆ ಫರ್ಮಾನ ಇನ್ನೊಂದು ನಿಯಮ ಇದೆ, ಅವಿಭಾಜ್ಯಕ್ಕಿಂತ ಒಂದು ಕಡಿಮೆ ಹೆಜ್ಜೆ ಹಾಕಿದರೂ ಒಂದಕ್ಕೇ ವಾಪಸ್ ಬರುತ್ತೀರಿ ಅಂತ. ಹಾಗಾಗಿ ಆ ಒಂದು ಕಡಿಮೆ ಮಾಡಿದ ಸಂಖ್ಯೆಯಲ್ಲಿ 64ರ ಪೂರ್ತಿ ಸುತ್ತುಗಳೇ ಇರಬೇಕು. 641ರಲ್ಲಿ ಒಂದು ಕಳೆದರೆ 640, ಹತ್ತು ಸುತ್ತು, ಸರಿ. 19ರಲ್ಲಿ ಒಂದು ಕಳೆದರೆ 18. ಸಾಧ್ಯವೇ ಇಲ್ಲ. ತಮಾಷೆ ನೋಡಿ, ಫರ್ಮಾನ ಮಾತನ್ನು ಸುಳ್ಳು ಮಾಡೋಕೆ ಬೇಕಾದ ಆಯುಧ ಫರ್ಮಾನ ಮನೆಯಲ್ಲೇ ಇತ್ತು.

ಅಂದರೆ ಆಯ್ಲರ್ ಸರಿ. ತಪ್ಪು ಯಂತ್ರದ್ದು. ಪರದೆ ಹಿಂದಕ್ಕೆ ಹೋಗಿ ನೋಡಿದೆ. 429496729 ಅಂತ ಇತ್ತು. ಕೊನೆಯ 7 ಬಿದ್ದೇ ಇರಲಿಲ್ಲ! ಮತ್ತೆ ಒತ್ತಿದೆ. ಒಂದು ಸಲ ಬೀಳುತ್ತದೆ, ಒಂದು ಸಲ ಬೀಳೋದಿಲ್ಲ. ಕೊಂಡು ಇನ್ನೂ ಮೂರು ವಾರ ಆಗಿರಲಿಲ್ಲ. ಅಂಗಡಿಯಲ್ಲಿ 7ರ ಕೀಲಿ ಪರೀಕ್ಷೆ ಮಾಡಬೇಕು ಅಂತ ಯಾರಿಗೆ ಹೊಳೆಯುತ್ತದೆ? ನನ್ನ ಸಲಹೆ ಇಷ್ಟೇ, ಕೊಳ್ಳುವಾಗ ಅಂಗಡಿಯಲ್ಲೇ 4294967297 ಒತ್ತಿ ಒಡೆದು ನೋಡಿ, 641 ಬಂದರೆ ತಗೊಳ್ಳಿ.

ಅಂಗಡಿಗೆ ಹೋದೆ. ಅಲ್ಲಿ ನಡೆದದ್ದು ಉದ್ದ ಬರೆಯೋದಿಲ್ಲ. ವಾರಂಟಿ ಕಾರ್ಡಿನ ಮೇಲೆ ಸೀಲ್ ಇಲ್ಲ, ತಾರೀಖು ಇಲ್ಲ ಅಂದ. ಸೀಲ್ ಹಾಕಬೇಕಾದವನು ನೀನೇ ಅಲ್ವಾ ಅಂದೆ. ಕಂಪನಿಗೆ ಕಳಿಸಬೇಕು, ಒಂದೂವರೆ ತಿಂಗಳು ಆಗುತ್ತದೆ ಅಂದ. ಮಗಳಿಗೆ ಮುಂದಿನ ವಾರ ಇಂಟರ್ನಲ್ಸ್ ಇತ್ತು. ಕೊನೆಗೆ ಹಳೇ ದಾವಣಗೆರೆ ಕಡೆ ವಾಚ್ ರಿಪೇರಿ ಮಾಡುವವರೊಬ್ಬರು ಬಿಚ್ಚಿ, ಒಳಗಿನ ರಬ್ಬರ್ ಒರೆಸಿ, 50 ರೂಪಾಯಿ ತಗೊಂಡರು. ಅವತ್ತಿನಿಂದ ಸರಿ ಇದೆ. ಏನು ಕೂತಿತ್ತು ಅಂತ ಕೇಳಿದೆ. "ಮಂಡಕ್ಕಿ ಖಾರ ಇದ್ದಂಗದೆ ನೋಡ್ರಿ" ಅಂದರು. ಅದು ನಮ್ಮ ಮನೆಯದ್ದೇ ತಪ್ಪು ಇರಬಹುದು. ಆದರೂ ಸೀಲ್ ಹಾಕದ್ದು ಅಂಗಡಿಯವನ ತಪ್ಪೇ, ಅದರಲ್ಲಿ ನಾನು ಬಿಟ್ಟುಕೊಡೋದಿಲ್ಲ.

7 ಸರಿಯಾದ ಮೇಲೆ ಮತ್ತೆ ಒತ್ತಿದೆ. 641×(6700417). ಬಂತು! ಆದರೆ ಬ್ರಾಕೆಟ್. ಆಯ್ಲರನ ಎರಡನೇ ತುಂಡು ಅವಿಭಾಜ್ಯವೋ ಅಲ್ಲವೋ ಯಂತ್ರಕ್ಕೆ ಗೊತ್ತಿಲ್ಲ. ಸರಿ, ನಾನೇ ತೆರೆಯೋಣ ಅಂತ ಕೂತೆ. 6700417ರ ವರ್ಗಮೂಲ 2588 ಚಿಲ್ಲರೆ. ಅಂದರೆ 1009ರಿಂದ 2588ರವರೆಗೆ ಇರುವ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕು, ಇನ್ನೂರಕ್ಕೂ ಜಾಸ್ತಿ ಆಗುತ್ತವೆ. ಆದರೆ ಮೇಲಿನ 64ರ ನಿಯಮ ಇದೆಯಲ್ಲ. ಅದನ್ನು 19ನೇ ಶತಮಾನದಲ್ಲಿ ಲ್ಯೂಕಾಸ್ ಅನ್ನುವ ಗಣಿತಜ್ಞ ಇನ್ನೂ ಬಿಗಿ ಮಾಡಿದ, 64 ಅಲ್ಲ, 128 ಅಂತ. 128ರ ಮಗ್ಗಿಗೆ ಒಂದು ಸೇರಿಸುತ್ತಾ ಬರೆದೆ: 129, 257, 385, 513, 641, ಹೀಗೇ 2561ರವರೆಗೆ. ಒಟ್ಟು ಇಪ್ಪತ್ತೇ ಸಂಖ್ಯೆ. ಅದರಲ್ಲಿ ಅವಿಭಾಜ್ಯ ಐದೇ, 257, 641, 769, 1153, 1409. ಮೊದಲ ಮೂರು ಮೂರಂಕಿಯವು, ಅವನ್ನು ಯಂತ್ರ ಆಗಲೇ ನೋಡಿ ಮುಗಿಸಿದೆ. ಉಳಿದದ್ದು ಎರಡು.

ಎರಡೇ ಎರಡು ಭಾಗಾಕಾರ!

6700417 ಭಾಗಿಸು 1153. ಪರದೆ ಮೇಲೆ 5811.289679. ಶೇಷ 334. ಭಾಗ ಹೋಗಲಿಲ್ಲ. 6700417 ಭಾಗಿಸು 1409. 4755.441448. ಶೇಷ 622. ಹೋಗಲಿಲ್ಲ. ಮುಗೀತು. 6700417 ಅವಿಭಾಜ್ಯ, ಬ್ರಾಕೆಟ್ ತೆಗೆಯಬಹುದು. ರಾತ್ರಿ ಹನ್ನೊಂದೂವರೆ ಇರಬೇಕು, ಮನೆಯವರೆಲ್ಲ ಮಲಗಿದ್ದರು, ಯಾರಿಗೆ ಹೇಳೋದು. ಅಡುಗೆ ಮನೆಗೆ ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದೆ.

ಬೆಳಿಗ್ಗೆ ಮಗಳಿಗೆ ತೋರಿಸಿದೆ. ಅವಳು ಅದಕ್ಕಿಂತ ಸುಲಭದ್ದು ಒಂದು ಕೇಳಿದಳು, ಯಂತ್ರವೇ ಇಲ್ಲದೆ 641 ಭಾಗಿಸುತ್ತದೆ ಅಂತ ತೋರಿಸೋಕೆ ಆಗುತ್ತಾ ಅಂತ. ಆಗುತ್ತದೆ. ಹಾಲಿನ ಚೀಟಿ ಹಿಂದೆ ಬರೆದು ತೋರಿಸಿದೆ. 641 ಅಂದರೆ 5×128ಕ್ಕೆ ಒಂದು ಸೇರಿಸಿದ್ದು. ಹಾಗೇ 641 ಅಂದರೆ 625 ಮತ್ತು 16, ಅಂದರೆ 5ರ ನಾಲ್ಕನೇ ಘಾತ, 2ರ ನಾಲ್ಕನೇ ಘಾತ ಕೂಡಿಸಿದ್ದು. 641ರಿಂದ ಭಾಗಿಸಿ ಶೇಷ ಮಾತ್ರ ನೋಡಿದರೆ 5×128 ಅನ್ನೋದು ಮೈನಸ್ ಒಂದಕ್ಕೆ ಸಮ. ಅದನ್ನು ನಾಲ್ಕು ಸಲ ಗುಣಿಸಿದರೆ 5ರ ನಾಲ್ಕನೇ ಘಾತ ಗುಣಿಸು 2ರ 28ನೇ ಘಾತ, ಅದು ಒಂದಕ್ಕೆ ಸಮ. ಈಗ 5ರ ನಾಲ್ಕನೇ ಘಾತದ ಜಾಗದಲ್ಲಿ ಮೈನಸ್ 2ರ ನಾಲ್ಕನೇ ಘಾತ ಇಡಿ. 28ಕ್ಕೆ 4 ಸೇರಿ 32 ಆಯಿತು. ಮೈನಸ್ 2ರ 32ನೇ ಘಾತ ಒಂದಕ್ಕೆ ಸಮ, ಅಂದರೆ 2ರ 32ನೇ ಘಾತಕ್ಕೆ ಒಂದು ಸೇರಿಸಿದರೆ ಸೊನ್ನೆ. ಐದು ಸಾಲು. ಅವಳು ಚೀಟಿ ಫೋಟೋ ತೆಗೆದುಕೊಂಡು ಕಾಲೇಜಿಗೆ ಓಡಿದಳು. ಹಾಲಿನವನಿಗೆ ಆ ತಿಂಗಳು ಲೆಕ್ಕ ಕೊಡುವಾಗ ಚೀಟಿ ಸಿಗಲಿಲ್ಲ, ಅದು ಇನ್ನೊಂದು ರಗಳೆ.

65537ರ ನಂತರ ಈ ಸಾಲಿನಲ್ಲಿ ಇವತ್ತಿನವರೆಗೂ ಇನ್ನೊಂದು ಅವಿಭಾಜ್ಯ ಸಿಕ್ಕಿಲ್ಲ. ನಮ್ಮ 17ಕ್ಕೆ ಒಟ್ಟು ಒಡಹುಟ್ಟಿದವರು ನಾಲ್ಕೇ.

ಮೂರನೇ ದೂರು ಹತ್ತು ಅಂಕಿಯ ಗಡಿ. ಹನ್ನೊಂದನೇ ಅಂಕಿ ಬಂದ ಕೂಡಲೇ ಯಂತ್ರ 10ರ ಘಾತ ಹಾಕಿ ಬರೆಯೋಕೆ ಶುರು ಮಾಡುತ್ತದೆ, ಬಾಲದ ಅಂಕಿಗಳೆಲ್ಲ ಮಾಯ. ಸಂಖ್ಯೆ ಒಡೆಯೋನಿಗೆ ಬಾಲವೇ ಮುಖ್ಯ. 2ರ 67ನೇ ಘಾತದಲ್ಲಿ ಒಂದು ಕಳೆದರೆ 147573952589676412927 ಬರುತ್ತದೆ, 21 ಅಂಕಿ. 1903ರಲ್ಲಿ ಅಮೆರಿಕದಲ್ಲಿ ಕೋಲ್ ಅನ್ನುವ ಗಣಿತಜ್ಞ ಒಂದು ಸಭೆಯಲ್ಲಿ ಇದು 193707721 ಗುಣಿಸು 761838257287 ಅಂತ ತೋರಿಸಿದ. ಅದನ್ನು ಈ ಯಂತ್ರದಲ್ಲಿ ಪರೀಕ್ಷೆ ಮಾಡೋಕೆ ಹೋದರೆ 1.4757 ಚಿಲ್ಲರೆ ಗುಣಿಸು 10ರ 20ನೇ ಘಾತ ಅಂತ ತೋರಿಸಿ ಸುಮ್ಮನಾಗುತ್ತದೆ. ತುಂಡು ತುಂಡು ಮಾಡಿ ಗುಣಿಸಿ ಕಾಗದದ ಮೇಲೆ ಕೂಡಿಸಿದೆ, ಸರಿ ಬಂತು, ಒಂದು ಗಂಟೆ ಹಿಡಿಯಿತು. ನಮ್ಮ ಬೆಂಗಳೂರಿನ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಯ ಎರಡು ಸಂಖ್ಯೆ ಗುಣಿಸಿ 26 ಅಂಕಿಯ ಉತ್ತರವನ್ನು 28 ಸೆಕೆಂಡಿನಲ್ಲಿ ಹೇಳಿದರು. 1,180 ರೂಪಾಯಿಗೆ ಅಷ್ಟು ಕೇಳೋದು ಅನ್ಯಾಯ ಬಿಡಿ. ಆದರೆ ಶೇಷ ತೋರಿಸುವ ಒಂದು ಕೀಲಿಯನ್ನಾದರೂ ಕೊಡಬಹುದಿತ್ತು. ಪ್ರತಿ ಸಲ ಭಾಗಲಬ್ಧವನ್ನು ಗುಣಿಸಿ ಕಳೆದು ಶೇಷ ತೆಗೆಯೋದು ಬೇಜಾರು.

ಉಳಿದದ್ದು ಬೇಗ ಹೇಳುತ್ತೇನೆ. ಪರದೆ ಬಿಸಿಲಿನಲ್ಲೂ ಚೆನ್ನಾಗಿ ಕಾಣುತ್ತದೆ. ಮೇಲೆ ಸೋಲಾರ್ ಪಟ್ಟಿ ಇದೆ, ಅಂಗಡಿಯ ಟ್ಯೂಬ್‌ಲೈಟಿನಲ್ಲೂ ನಡೆಯುತ್ತದೆ. ಜಾರಿಸುವ ಮುಚ್ಚಳ ಸಡಿಲ. ಕೀಲಿಗಳ ಸದ್ದು ಜಾಸ್ತಿ, ರಾತ್ರಿ ಬಳಸಿದರೆ ಬೈಗುಳ ಗ್ಯಾರಂಟಿ. ಐದಕ್ಕೆ ನಾಲ್ಕು ಕೊಡುತ್ತೇನೆ, ಅಂಗಡಿಗೆ ಒಂದು.

ಒಂದು ಎಚ್ಚರಿಕೆ ಇದೆ. ಹತ್ತು ಅಂಕಿ ಅಂದರೆ ನಮ್ಮ ಮೊಬೈಲ್ ನಂಬರ್ ಸರಿಯಾಗಿ ಕೂರುತ್ತದೆ. ಒಮ್ಮೆ ಇದು ತಲೆಗೆ ಬಂದರೆ ಸುಮ್ನೆ ಕೂರೋಕೆ ಆಗೋದಿಲ್ಲ, ಫೋನಿನಲ್ಲಿರುವ ಪ್ರತಿಯೊಬ್ಬರ ನಂಬರನ್ನೂ ಒಡೆಯಬೇಕು ಅನ್ನಿಸುತ್ತದೆ. ಅಂಗಡಿಯ ಹುಡುಗರೆಲ್ಲ ತಮ್ಮ ತಮ್ಮದನ್ನು ತಂದು ಒಡೆಸಿಕೊಂಡರು, ಜಾತಕ ತೋರಿಸಿದ ಹಾಗೆ. ಅಷ್ಟು ದೊಡ್ಡ ಸಂಖ್ಯೆಗಳಲ್ಲಿ ಸುಮಾರು 23ಕ್ಕೆ ಒಂದು ಅವಿಭಾಜ್ಯ ಇರುತ್ತದೆ, ಹಾಗಾಗಿ ಯಾರದ್ದೋ ಒಬ್ಬರದ್ದು ಸಿಕ್ಕೇ ಸಿಗಬೇಕು ಅಂತ ಕಾಯುತ್ತಿದ್ದೆ. ನನ್ನದು ಸಮಸಂಖ್ಯೆ, ಮೊದಲ ಏಟಿಗೇ ಒಡೆಯಿತು. ಹೆಂಡತಿಯದ್ದು ಒಂದೂ ತುಂಡು ಬಾರದೆ ಪೂರ್ತಿ ಹತ್ತು ಅಂಕಿಯೂ ಬ್ರಾಕೆಟ್ ಒಳಗೆ ಬಂತು. ಅದು ಅವಿಭಾಜ್ಯ ಇರಬಹುದು, ಅಥವಾ ಎರಡು ದೊಡ್ಡ ತುಂಡು ಇರಬಹುದು. ಫರ್ಮಾನ ಸಂಖ್ಯೆಗೆ ಇದ್ದ ಹಾಗೆ ಅದಕ್ಕೆ 128ರ ದಾರಿ ಇಲ್ಲ, ಎಲ್ಲಾ ಅವಿಭಾಜ್ಯಗಳಿಂದಲೂ ಒಂದೊಂದಾಗಿ ಭಾಗಿಸಿ ನೋಡಬೇಕು. ನಂಬರ್ 9ರಿಂದ ಶುರು, ವರ್ಗಮೂಲ ಲಕ್ಷದ ಹತ್ತಿರ, ಅಂದರೆ ಸುಮಾರು ಒಂಬತ್ತು ಸಾವಿರ ಭಾಗಾಕಾರ. ಕಂಪ್ಯೂಟರಿಗೆ ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ ಅಂತ ಮಗಳು ಹೇಳಿದಳು. ಬೇಡ ಅಂದೆ. ಹಳೇ ಲೆಡ್ಜರ್ ಒಂದರಲ್ಲಿ ಬರೆದುಕೊಂಡು ದಿನಕ್ಕೆ ಐದಾರು ಮಾಡುತ್ತಿದ್ದೇನೆ. 1009ರಿಂದ ಶುರು ಮಾಡಿದ್ದು, ನಿನ್ನೆ ರಾತ್ರಿಗೆ 1511 ಮುಗಿಯಿತು.